ಒಂಟಿ ಕಾಲುಚೀಲದ ಡಬ್ಬಿ

ಜನವರಿ ೬, ಸೋಮವಾರ

ಇವತ್ತೂ ಹೋಟೆಲಿನ ಬೆಡ್‌ಶೀಟುಗಳೇ. ಬೆಳಿಗ್ಗೆಯಿಂದ ಅಕ್ಕ ಆ ತುದಿ, ನಾನು ಈ ತುದಿ. ಹಿಡಿ, ಝಾಡಿಸು, ನಡುವಿಗೆ ಬಾ, ತುದಿ ಕೊಡು, ಹಿಂದೆ ಸರಿ. ಕೈಯಲ್ಲಿ ಬಟ್ಟೆ, ಬಾಯಲ್ಲಿ ಪಾಠ — ಪ್ರೊಫೇಸ್, ಮೆಟಾಫೇಸ್... ಮೂರನೆಯದು ನೆನಪಾಗುವಷ್ಟರಲ್ಲಿ ಅಕ್ಕ ತನ್ನ ತುದಿ ನನ್ನ ಕೈಗಿಟ್ಟಾಗಿತ್ತು. ಮರೆತೆ.

"ಹಾಗಲ್ಲ ಕಣೇ, ಹೆಬ್ಬೆರಳು ಒಳಗೆ," ಅಂದಳು. ಲಾಂಡ್ರಿಗೆ ಸೇರಿ ಇಷ್ಟು ವರ್ಷವಾಯಿತು. ನನ್ನ ಹೆಬ್ಬೆರಳಿನ ಪಾಠ ಇನ್ನೂ ಮುಗಿದಿಲ್ಲ.

ಬಯಾಲಜಿ ಒಂದೇ ಬಾಕಿ. ಕಳೆದ ಸಲ ಮುಗ್ಗರಿಸಿದ್ದು ಈ ಕೋಶ ವಿಭಜನೆಯಲ್ಲೇ. ಮಾರ್ಚಿನಲ್ಲಿ ಪಾಸಾದರೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನಲ್ಲಿ ಸೀಟು. ಇಲ್ಲದಿದ್ದರೆ ಆ ಸೀಟು ಇನ್ಯಾರಿಗೋ. ಕಾಲೇಜು ಬಸ್ಸಿನಲ್ಲಿ ಅರ್ಧ ದಿನದ ದೂರ, ಹಾಸ್ಟೆಲಿನಲ್ಲೇ ಇರಬೇಕು. ಅಂದರೆ ಪಾಸಾದರೆ ಹೋಗಬೇಕು. ಅಕ್ಕನನ್ನು ಬಿಟ್ಟು.

ಇಷ್ಟು ಬರೆದ ಮೇಲೆ ಪುಸ್ತಕ ತೆರೆಯಲು ಮನಸ್ಸಾಗಲಿಲ್ಲ.

ಜನವರಿ ೯, ಗುರುವಾರ, ಮಧ್ಯಾಹ್ನ

ಊಟದ ಬಿಡುವು. ಈಗಷ್ಟೇ ಡ್ರೈಯರಿನಿಂದ ಬಂದ ಟವೆಲ್ ಗುಡ್ಡೆಗೆ ಬೆನ್ನು ಕೊಟ್ಟು ಕೂತಿದ್ದೇನೆ. ಬಿಸಿ ಇನ್ನೂ ಆರಿಲ್ಲ. ಮೇಲಿನ ಕಿಟಕಿಯಿಂದ ಬಿಸಿಲು ಬಿದ್ದು, ಅದರಲ್ಲಿ ಹತ್ತಿಯ ಎಳೆಗಳು ಮೆಲ್ಲಗೆ ತೇಲುತ್ತಿವೆ. ಕೆಳಗೂ ಇಳಿಯುವುದಿಲ್ಲ, ಮೇಲೂ ಹೋಗುವುದಿಲ್ಲ. ಮುಂದಿನದು ರಾತ್ರಿ ಬರೆದದ್ದು. ನೋಡುತ್ತ ನೋಡುತ್ತ ಕಣ್ಣು ಎಳೆದುಕೊಂಡು ಹೋಯಿತು.

ಕನಸು ಬಿತ್ತು. ಇಡೀ ಲಾಂಡ್ರಿ ಒಂದು ಕೋಶ. ಗೋಡೆ ಮೆತ್ತಗೆ, ಮುಟ್ಟಿದರೆ ಒಳಗೆ ಹೋಗುತ್ತದೆ. ನಡುವೆ ಬಟ್ಟೆಯ ರಾಶಿ. ರಾಶಿಯಿಂದ ಕಾಲುಚೀಲಗಳು ತಾವಾಗಿಯೇ ಎದ್ದು ಬಂದು, ನಡುಮನೆಯಲ್ಲಿ ಸಾಲಾಗಿ ನಿಂತವು. ಮದುವೆಮನೆಯ ಊಟದ ಪಂಕ್ತಿಯಲ್ಲಿ ಎಲೆ ಬೀಳುವುದನ್ನು ಕಾಯುವವರ ಹಾಗೆ. ಯಾರೋ ಎರಡೂ ಗೋಡೆಯ ಕಡೆಯಿಂದ ದಾರ ಎಳೆದರು...

ಇಸ್ತ್ರಿ ಮಾಮ ಎಬ್ಬಿಸಿದರು. "ಏನಮ್ಮಾ ಡಾಕ್ಟರೇ, ಟವೆಲ್ ಮಡಚೋ ಬದ್ಲು ಮಂಚ ಮಾಡ್ಕೊಂಡ್ರಾ?" ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಳಬರು ಅವರೇ. ನಾನು ಓದುವುದು ಲ್ಯಾಬ್ ಕೆಲಸಕ್ಕೆ ಅಂತ ಎಷ್ಟು ಸಲ ಹೇಳಿದರೂ ಅವರಿಗೆ ನಾನು ಡಾಕ್ಟರೇ. ಗಡಿಬಿಡಿಯಲ್ಲಿ ಎದ್ದು ಇಸ್ತ್ರಿಯ ಬಿಸಿ ರೋಲರ್‌ಗೆ ಮಣಿಕಟ್ಟು ತಾಗಿಸಿಕೊಂಡೆ. ಸುಟ್ಟಿತು. ಅಕ್ಕ ನಲ್ಲಿಯ ಕೆಳಗೆ ಕೈ ಹಿಡಿಸಿ ಬೈದಳು, ಬೈಯುತ್ತಲೇ ಊದಿದಳು.

ಕನಸು ಹೇಳಿದೆ. ಅಕ್ಕ ನಲ್ಲಿ ನಿಲ್ಲಿಸಿ, "ಇಷ್ಟೇ ಅಲ್ವಾ? ಗುಡ್ಡೆ, ಸಾಲು, ಎಳೆತ, ಅಟ್ಟಿ. ಇದನ್ನೇ ನಾವು ದಿನಾ ಮಾಡೋದು," ಅಂದಳು. ಪ್ರೊಫೇಸಿನಲ್ಲಿ ಗುಡ್ಡೆಯಿಂದ ಒಂದೊಂದೇ ಬಿಡಿಯಾಗಿ ಕಾಣುತ್ತದೆ. ಮೆಟಾಫೇಸಿನಲ್ಲಿ ನಡುವೆ ಸಾಲು. ಅನಾಫೇಸಿನಲ್ಲಿ ಎಳೆತ. ಟೀಲೋಫೇಸಿನಲ್ಲಿ ಎರಡು ಅಟ್ಟಿ. ಸಂಜೆಯವರೆಗೂ ಮರೆಯಲಿಲ್ಲ. ತಿಂಗಳುಗಟ್ಟಲೆ ತಲೆಗೆ ಹತ್ತದ್ದು ಒಂದು ಮಾತಿಗೆ ಹತ್ತಿತು.

ಜನವರಿ ೧೭, ಶುಕ್ರವಾರ

ಸಂಜೆ ಕ್ಲಾಸಿನಲ್ಲಿ ಮೊದಲ ಸಲ ನಮ್ಮ ಕೈಯಿಂದಲೇ ಸ್ಲೈಡ್. ಈರುಳ್ಳಿಯ ಬೇರಿನ ತುದಿ, ಅಕ್ಕಿಕಾಳಿಗಿಂತ ಸಣ್ಣದು. ಕೆಂಪು ಬಣ್ಣ ಹಾಕಿ, ಸ್ವಲ್ಪ ಬಿಸಿ ತೋರಿಸಿ, ಮೇಲೆ ತೆಳು ಗಾಜು ಮುಚ್ಚಿ ಹೆಬ್ಬೆರಳಿನಿಂದ ಒತ್ತಬೇಕು. ಬಣ್ಣ ಹಾಕಿದೆ. ಒಂದು ಹನಿ ಗಾಜಿನ ಅಂಚಿನಿಂದ ಹರಿದು ಮೇಜಿನ ಮೇಲೆ ಬಿತ್ತು. ಅಷ್ಟೇ. ಕೈ ತಾನಾಗಿ ನಲ್ಲಿ ತಿರುಗಿಸಿತು. ಮೇಜು ಒರೆಸಿ, ಸ್ಲೈಡನ್ನೂ ಫಳಫಳ ಹೊಳೆಯುವ ಹಾಗೆ ತೊಳೆದಿಟ್ಟೆ.

ಬಯಾಲಜಿ ಮೇಡಂ ಬಂದು ಕಣ್ಣಿಟ್ಟು ನೋಡಿದರು. "ಎಲ್ಲಿ ರೀ ಬೇರು?"

"ಕಲೆ ಆಯ್ತು ಮೇಡಂ. ತೊಳೆದುಬಿಟ್ಟೆ."

ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಲಾಂಡ್ರಿ ಕೈ! ಅಮ್ಮಾ, ಇಲ್ಲಿ ಕಲೆ ಉಳೀಬೇಕು. ಕಲೆ ಇದ್ರೇನೇ ಒಳಗಿರೋದು ಕಾಣೋದು."

ಎರಡನೆಯ ಸಲ ಸರಿಯಾಯಿತು. ಒತ್ತುವುದು ಮಾತ್ರ ನನಗೆ ಸುಲಭ, ಬಟ್ಟೆ ಸರಿಯದಂತೆ ಒತ್ತಿ ಅಭ್ಯಾಸ. ಕಣ್ಣಿಟ್ಟೆ... ಬೆಳಕು. ಸಣ್ಣ ಸಣ್ಣ ಕೋಣೆಗಳು, ಇಟ್ಟಿಗೆ ಜೋಡಿಸಿದ ಹಾಗೆ. ಒಂದರಲ್ಲಿ ಕೆಂಪು ನೂಲು ಸಿಕ್ಕುಸಿಕ್ಕಾಗಿದೆ. ಇನ್ನೊಂದರಲ್ಲಿ ನಡುವೆ ಗೆರೆಯ ಹಾಗೆ ಸಾಲು. ಮತ್ತೊಂದರಲ್ಲಿ ಎರಡು ಗುಂಪು ಬೆನ್ನು ತಿರುಗಿಸಿ ಹೊರಟಿವೆ. ಎಲ್ಲ ಹಂತಗಳೂ ಒಂದೇ ಕಡೆ, ಅಕ್ಕಪಕ್ಕ. ಯಾವುದೂ ಅಲ್ಲಾಡುತ್ತಿಲ್ಲ. ಬೇರು ಕತ್ತರಿಸಿದ ಗಳಿಗೆಯಲ್ಲಿ ಯಾರು ಎಲ್ಲಿದ್ದರೋ ಅಲ್ಲೇ ನಿಂತುಬಿಟ್ಟಿದ್ದಾರೆ. ಯಾವುದು ಮೊದಲು, ಯಾವುದು ಆಮೇಲೆ — ನೋಡುವವರೇ ಜೋಡಿಸಿಕೊಳ್ಳಬೇಕು.

ಹೆಚ್ಚಿನ ಕೋಣೆಗಳಲ್ಲಿ ಏನೂ ನಡೆಯುತ್ತಿರಲಿಲ್ಲ. ಬರೀ ಒಂದು ಗುಂಡನೆಯ ಚುಕ್ಕೆ. "ಅವು ಸುಮ್ನೆ ಕೂತಿದಾವಾ ಮೇಡಂ?" ಕೇಳಿದೆ.

"ಇಂಟರ್‌ಫೇಸ್. ಹೊರಗಿಂದ ನೋಡೋಕೆ ಸುಮ್ನೆ," ಅಂದರು.

ಜನವರಿ ೨೩, ಗುರುವಾರ

ಟೆಸ್ಟ್ ಪೇಪರ್ ಕೊಟ್ಟರು. ಹೆಸರುಗಳೆಲ್ಲ ಸರಿ. ಕ್ರಮ ಸರಿ. ಉತ್ತರ ತಪ್ಪು!

ನಾನು ಬರೆದದ್ದು ಹೀಗೆ: ವರ್ಣತಂತುಗಳು ಜೋಡಿಜೋಡಿಯಾಗಿರುತ್ತವೆ, ಜೋಡಿಗಳು ನಡುವೆ ಸಾಲು ನಿಲ್ಲುತ್ತವೆ, ಪ್ರತಿ ಜೋಡಿಯಿಂದ ಒಂದು ಆ ಕಡೆಗೆ, ಒಂದು ಈ ಕಡೆಗೆ. ಇನ್ನೇನು ತಪ್ಪಿದೆ ಇದರಲ್ಲಿ? ನಾನು ನೋಡಿದ ಜೋಡಿಗಳೆಲ್ಲ ಹಾಗೇ. ಲಾಂಡ್ರಿಯಲ್ಲಿ ಗಿರಾಕಿಗಳ ಕಾಲುಚೀಲ ಬಂದ ಕೂಡಲೇ ಮೊದಲ ಕೆಲಸ, ಎಡ ಬಲ ಸೇರಿಸಿ ದಾರದ ಒಂದು ಹೊಲಿಗೆ ಹಾಕುವುದು. ತಪ್ಪಿ ಬಿಡಿಯಾದರೆ ಮುಗಿಯಿತು. ಒಂದು ಮೆಷಿನ್ನಿನ ಹೊಟ್ಟೆಯಲ್ಲಿ, ಒಂದು ನಮ್ಮ ಕೈಯಲ್ಲಿ. ಉಳಿದದ್ದು ಬಾಗಿಲ ಹಿಂದಿನ ತಗಡಿನ ಡಬ್ಬಿಗೆ. ಒಂಟಿ ಡಬ್ಬಿ ಅಂತಲೇ ಹೆಸರು. ಅದಕ್ಕೆ ಬಿದ್ದದ್ದು ಮತ್ತೆ ಯಾರ ಕಾಲಿಗೂ ಹೋದದ್ದಿಲ್ಲ.

ಮೇಡಂ ಹತ್ತಿರ ವಾದ ಮಾಡಿದೆ. ಅವರು ಬೈಯಲಿಲ್ಲ. ನನ್ನ ಮಣಿಕಟ್ಟು ಹಿಡಿದು ನೋಡಿದರು. ಸುಟ್ಟ ಜಾಗದ ಸಿಪ್ಪೆ ಉದುರಿ ಕೆಳಗೆ ಹೊಸ ಚರ್ಮ, ಎಳೆ ಗುಲಾಬಿ.

"ಇದು ಹಳೇ ಚರ್ಮದ ಕೋಶ ಒಡೆದೇ ಬಂದದ್ದು ತಾನೆ? ನೀವು ಬರೆದ ಹಾಗೆ ಜೋಡಿ ಬಿಡಿಸಿ ಹಂಚಿದ್ರೆ ಇದರಲ್ಲಿ ಅರ್ಧ ಇರ್ಬೇಕಿತ್ತು. ಮುಂದಿನ ಸಲ ಕಾಲು. ಆಮೇಲೆ? ಇದು ಅರ್ಧ ಚರ್ಮದ ಥರ ಕಾಣುತ್ತಾ?"

ಕಾಣಲಿಲ್ಲ.

"ನೀವು ಬರೆದದ್ದು ಬೇರೆ ಪಾಠ, ಮಿಯಾಸಿಸ್ಸು. ಅದು ಮಗು ಹುಟ್ಟೋ ವಿಷಯಕ್ಕೆ. ಇಲ್ಲಿ ಎಳೆಯೋಕೆ ಮುಂಚೆ ಏನೋ ಆಗಿರುತ್ತೆ. ನೀವು ಅದನ್ನ ಬಿಟ್ಟಿದೀರಿ. ಏನು ಅಂತ ನಾನು ಹೇಳಲ್ಲ. ಹೋಗಿ ಓದಿ."

ಓದಿದೆ. ಕಣ್ಣು ಅಕ್ಷರದ ಮೇಲೆ, ಮನಸ್ಸು ಒಂಟಿ ಡಬ್ಬಿಯಲ್ಲಿ. ನಾನು ಹೋದರೆ ಅಕ್ಕ ಒಂದು, ನಾನೊಂದು. ಎರಡೂ ಡಬ್ಬಿಗೆ. ಫೇಲಾದರೇ ವಾಸಿ ಅಂತಲೂ ಅನ್ನಿಸಿತು. ಇಲ್ಲಿ ತಾನೆ ಬರೆಯುತ್ತಿದ್ದೇನೆ, ಯಾರು ಕೇಳುತ್ತಾರೆ. ಅನ್ನಿಸಿತು.

ಫೆಬ್ರವರಿ ೩, ಸೋಮವಾರ

ಬೇಗ ಬಂದೆ. ಅಕ್ಕ ಇನ್ನೂ ಬೇಗ ಬಂದಿದ್ದಳು. ಮನೆಯಲ್ಲಿ ಎದ್ದಾಗ ಅವಳ ಹಾಸಿಗೆ ಮಡಚಿತ್ತು, ಹಾಲಿಗೆ ಹೋಗಿರಬೇಕು ಅಂದುಕೊಂಡೆ. ಲಾಂಡ್ರಿ ಬಾಗಿಲಲ್ಲಿ ನಿಂತು ನೋಡಿದರೆ — ಅಕ್ಕ ಒಬ್ಬಳೇ ಬೆಡ್‌ಶೀಟ್ ಮಡಚುತ್ತಿದ್ದಾಳೆ. ಗೋಡೆಯ ಎರಡು ಮೊಳೆಗೆ ಎರಡು ಕ್ಲಿಪ್ಪು, ಕ್ಲಿಪ್ಪಿಗೆ ಆ ಕಡೆಯ ತುದಿಗಳು. ನಾನು ಇರಬೇಕಾದ ಜಾಗದಲ್ಲಿ ಮೊಳೆ. ಹಿಡಿದಳು, ಝಾಡಿಸಿದಳು, ಮೊಳೆಯ ತನಕ ನಡೆದುಹೋದಳು, ತುದಿ ತಾನೇ ತೆಗೆದುಕೊಂಡಳು. ಬಟ್ಟೆ ನೆಲಕ್ಕೆ ತಾಗಿತು. ಮತ್ತೆ ಮೊದಲಿನಿಂದ.

ಒಳಗೆ ಹೋಗಲಿಲ್ಲ. ಬೀದಿಯಲ್ಲಿ ಒಂದು ಸುತ್ತು ಹಾಕಿ, ಆಗಷ್ಟೇ ಬಂದವಳ ಹಾಗೆ ಬಂದೆ. ಮೊಳೆ ಖಾಲಿ. ಕ್ಲಿಪ್ಪು ಅಕ್ಕನ ಜೇಬಿನಲ್ಲಿ, ಅಂಚು ಕಾಣುತ್ತಿತ್ತು.

ನಾನಿನ್ನೂ ಇಲ್ಲೇ ಇದ್ದೇನೆ, ಪರೀಕ್ಷೆಗೇ ಕೂತಿಲ್ಲ. ಇವಳು ಆಗಲೇ ನಾನಿಲ್ಲದೆ ಬದುಕುವುದನ್ನು ಕಲಿಯುತ್ತಿದ್ದಾಳೆ. ಅಮ್ಮ ಹೋದ ಮೇಲೆ ನನಗೆ ಅವಳು, ಅವಳಿಗೆ ನಾನು ಅಂತ ನಂಬಿದ್ದೆ. ಮೊಳೆ ಸಾಕಂತೆ.

ಫೆಬ್ರವರಿ ೪

ಮಾತಿಲ್ಲ. ಮುಖ ಊದಿಸಿಕೊಂಡು ದಿನವಿಡೀ ಮಡಚಿದೆ. ಹೆಬ್ಬೆರಳು ಹೊರಗಿಟ್ಟೇ ಮಡಚಿದೆ. ಬೇಕೆಂದೇ. ಅಕ್ಕ ನೋಡಿಯೂ ಆ ತುದಿ ಹಿಡಿದು ಮಡಚುತ್ತಲೇ ಹೋದಳು.

ಫೆಬ್ರವರಿ ೨೬, ಬುಧವಾರ

ಇಷ್ಟು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ ಅಂತಲೇ ಅನ್ನಿಸಿತ್ತು.

ಆದದ್ದು ಇಷ್ಟು. ಮಾತು ಬಿಟ್ಟ ನಾಲ್ಕಾರು ದಿನಕ್ಕೆ ಇಸ್ತ್ರಿ ಮಾಮ ನನ್ನನ್ನು ಪಕ್ಕಕ್ಕೆ ಕರೆದರು. "ಅಕ್ಕನ ಮೇಲೆ ಸಿಟ್ಟಾ? ಕೇಳಮ್ಮ. ಮಡಚೋ ಮೇಜು ಇಬ್ಬರದ್ದು. ನೀನು ಹೋದ್ರೆ ಅವಳನ್ನ ಬಾಯ್ಲರ್ ಕಡೆಗೆ ಹಾಕ್ತೀನಿ ಅಂದಿದಾರೆ ಮ್ಯಾನೇಜರು. ಆ ಆವಿ ಅವಳ ಎದೆಗೆ ಆಗಲ್ಲ ಅಂತ ನಿಂಗೆ ಗೊತ್ತಲ್ಲ? ಒಬ್ಬಳೇ ಮಡಚಿ ತೋರಿಸಿದ್ರೆ ಮೇಜು ಅವಳಿಗೇ ಇರುತ್ತೆ. ಅದಕ್ಕೇ ಕಷ್ಟಪಡ್ತಿದಾಳೆ. ನಿಂಗೆ ಹೇಳಿದ್ರೆ ನೀನು ಹೋಗೋದೇ ಇಲ್ಲ ಅಂತ ಹೇಳಿಲ್ಲ."

ನಿಂತಲ್ಲೇ ಕಣ್ಣು ತುಂಬಿತು. ಮನೆಗೆ ಹೋಗಿ ಅಕ್ಕನಿಗೆ, "ಅನ್ನ ನಾನು ಮಾಡ್ತೀನಿ," ಅಂದೆ. ಇದುವರೆಗೆ ಮಾಡಿದವಳಲ್ಲ. ತಳ ಹಿಡಿಸಿದೆ. ಅಕ್ಕ ತಳ ಬಿಟ್ಟು ಮೇಲಿನದ್ದು ಬಡಿಸಿಕೊಂಡು ತಿಂದಳು. "ನೀರು ಜಾಸ್ತಿ ಹಾಕು ನಾಳೆ," ಅಂದಳು. ಅಷ್ಟೇ ರಾಜಿ.

ಆಮೇಲೆ ಅದೇ ಆಯಿತು ದಿನಚರಿ. ಅನ್ನ, ಬೇಳೆ. ಗುಂಡಿ ಹೊಲಿಯುವುದು. ಜ್ವರ ಬಂದರೆ ಯಾವ ಮಾತ್ರೆ, ಎಷ್ಟು. ಬೆಳಿಗ್ಗೆ ಅಕ್ಕ ಎಬ್ಬಿಸುವುದನ್ನು ನಿಲ್ಲಿಸಿದಳು, ಎದ್ದಿದ್ದರೂ ಮಲಗಿದವಳ ಹಾಗೆ ಬಿದ್ದುಕೊಂಡು ನನ್ನ ಅಲಾರಂ ಕಾಯುತ್ತಾಳೆ. ಇತ್ತ ಲಾಂಡ್ರಿಯಲ್ಲಿ ನಾನು ಮೊಳೆಯ ಪಕ್ಕ ನಿಂತು ಅವಳಿಗೆ ಹೇಳಿಕೊಡುತ್ತೇನೆ: ಇಲ್ಲಿ ಸ್ವಲ್ಪ ಬಿಗಿ, ಇಲ್ಲಿ ನಾನು ಯಾವಾಗಲೂ ಎಡಕ್ಕೆ ವಾಲುತ್ತಿದ್ದೆ, ಮೊಳೆ ವಾಲುವುದಿಲ್ಲ, ನೀನೇ ಸರಿಮಾಡಿಕೊ. ಈಗ ಬಟ್ಟೆ ನೆಲಕ್ಕೆ ತಾಗುವುದಿಲ್ಲ. ಅವಳು ಪಾಠವನ್ನೂ ಬಾಯಿಪಾಠ ಮಾಡಿಬಿಟ್ಟಿದ್ದಾಳೆ. ನಾನು ತೊದಲಿದರೆ ಮೊಳೆಯ ಕಡೆಯಿಂದಲೇ "ಅನಾಫೇಸ್!" ಅಂತ ಕೂಗುತ್ತಾಳೆ.

ಮೇಡಂ ಹೇಳದೆ ಬಿಟ್ಟಿದ್ದೂ ಸಿಕ್ಕಿತು. ಪುಸ್ತಕದಲ್ಲಿ ಎದುರಿಗೇ ಇತ್ತು. ಸುಮ್ಮನೆ ಕೂತಂತೆ ಕಾಣುವ ಆ ಇಂಟರ್‌ಫೇಸಿನಲ್ಲಿ ಪ್ರತಿಯೊಂದು ತಂತುವೂ ತನ್ನ ಹಾಗೇ ಇನ್ನೊಂದನ್ನು ಮಾಡಿಟ್ಟುಕೊಳ್ಳುತ್ತದೆ. ಇಡಿಯಾಗಿ. ಎರಡೂ ಸೊಂಟದ ಹತ್ತಿರ ಅಂಟಿಕೊಂಡಿರುತ್ತವೆ. ಆಮೇಲೆ ಸಾಲು, ಆಮೇಲೆ ಎಳೆತ. ಎಳೆದಾಗ ಬಿಡುವುದು ಎಡ ಬಲ ಅಲ್ಲ, ಒಂದೇ ಥರದ ಎರಡು. ಆ ಎರಡಕ್ಕೆ ಪುಸ್ತಕದಲ್ಲಿ ಸಿಸ್ಟರ್ಸ್ ಅಂತಲೇ ಹೆಸರು. ಓದಿ ಹೇಳಿದೆ.

ಅಕ್ಕ ಬೇಳೆ ಕಡೆಯುತ್ತಿದ್ದವಳು ತಿರುಗಿ, "ಯಾರು ಇಟ್ಟದ್ದು ಆ ಹೆಸರು? ನಮ್ಮ ಹಾಗೆ ಜಗಳ ಆಡ್ತಾವಾ ಅವು?" ಅಂದಳು.

ಮಾರ್ಚ್ ೧೦, ಸೋಮವಾರ, ಸಂಜೆ

ನಾಳೆ ಪ್ರಾಕ್ಟಿಕಲ್. ಜ್ವರ ಬಂದ ಹಾಗಿದೆ, ಜ್ವರ ಅಲ್ಲ. ಮಧ್ಯಾಹ್ನ ಟವೆಲ್ ಗುಡ್ಡೆಯಲ್ಲಿ ಮತ್ತೆ ಅದೇ ಕನಸು. ಮೆತ್ತಗಿನ ಗೋಡೆ, ತೇಲುವ ಎಳೆಗಳು. ಈ ಸಲ ಸಾಲಿನಲ್ಲಿ ನಿಂತದ್ದು ನಾವೇ. ಅಕ್ಕ, ನಾನು, ಅಕ್ಕ, ನಾನು... ಎಣಿಸಿ ಮುಗಿಯದಷ್ಟು, ಎಲ್ಲರ ಕೈಯಲ್ಲೂ ಬಿಳಿ ಬಟ್ಟೆಯ ಅಂಚು. ದಾರ ಎಳೆಯಿತು. ನೋವಾಗುತ್ತದೆ ಅಂತ ಕಣ್ಣು ಮುಚ್ಚಿದೆ. ಆಗಲಿಲ್ಲ. ನೀರಿನಲ್ಲಿ ಹಿಂದಕ್ಕೆ ತೇಲಿದ ಹಾಗೆ ಅಷ್ಟೇ. ಈ ದಡದಲ್ಲಿ ಕಣ್ಣು ಬಿಟ್ಟರೆ ನನ್ನ ಪಕ್ಕದಲ್ಲಿ ಅಕ್ಕ ಇದ್ದಳು. ದೂರದ ಆ ದಡದಲ್ಲೂ ಅಕ್ಕ ಇದ್ದಳು, ಅವಳ ಪಕ್ಕ ನಾನೂ ಇದ್ದೆ. ಕೈ ಬೀಸಿದೆ. ನಾನೇ ತಿರುಗಿ ಕೈ ಬೀಸಿದೆ.

ಎದ್ದಾಗ ಕೆನ್ನೆ ಒದ್ದೆ. ಟವೆಲಿಗೆ ಒರೆಸಿಕೊಂಡು, ಆ ಟವೆಲನ್ನು ಮತ್ತೆ ಒಗೆಯಲು ಹಾಕಿದೆ.

ಮಾರ್ಚ್ ೧೧, ಮಂಗಳವಾರ

ಮುಗಿಯಿತು.

ಸ್ಲೈಡ್ ತೊಳೆಯಲಿಲ್ಲ. ಮೇಜಿನ ಮೇಲೆ ಕೆಂಪು ಹನಿ ಬಿತ್ತು, ಬಿದ್ದಲ್ಲೇ ಬಿಟ್ಟೆ. ಕೈ ಮಾತ್ರ ನಲ್ಲಿಯ ಕಡೆ ಒಂದು ಸಲ ಹೋಗಿ ಬಂತು.

ಹೊರಗಿನಿಂದ ಬಂದ ಪರೀಕ್ಷಕರು, ನಗದ ಮುಖ. "ಮೆಟಾಫೇಸ್ ತೋರಿಸಿ." ತೋರಿಸಿದೆ. "ಇದು?" ಅನಾಫೇಸ್. "ಇದು?" ಇಂಟರ್‌ಫೇಸ್ ಸಾರ್. ಏನೂ ಆಗ್ತಿಲ್ಲ ಅನ್ನೋ ಹಾಗೆ ಕಾಣುತ್ತೆ.

"ಅನಾಫೇಸಿನಲ್ಲಿ ಯಾವ ಕಡೆಗೆ ಎಷ್ಟು ಹೋಗುತ್ತೆ?"

ಟೆಸ್ಟಿನಲ್ಲಿ ಮುಗ್ಗರಿಸಿದ್ದು ಇದೇ ಪ್ರಶ್ನೆಗೆ. ಕಾಲುಚೀಲ ಕಣ್ಣ ಮುಂದೆ ಬಂತು, ತಗಡಿನ ಡಬ್ಬಿ ಬಂತು. ಆಮೇಲೆ ಮೊಳೆ ಬಂತು, ಕ್ಲಿಪ್ಪು ಬಂತು. ತಳ ಹಿಡಿದ ಅನ್ನದ ವಾಸನೆಯೂ ಬಂತು, ದೇವರಾಣೆಗೂ.

"ಎರಡೂ ಕಡೆ ಪೂರ್ತಿ ಸಾರ್."

"ಅದು ಹೇಗೆ? ಇದ್ದದ್ದು ಒಂದೇ ಸೆಟ್ ತಾನೆ?"

"ಹೊರಡೋಕೆ ಮುಂಚೇನೇ ಮಾಡಿಟ್ಟುಕೊಂಡಿರ್ತಾವೆ ಸಾರ್. ಎಳೆದಾಗ ಯಾರಿಗೂ ಅರ್ಧ ಆಗಲ್ಲ."

ಅವರು ತಲೆಯೆತ್ತಿ ನೋಡಿದರು, ಏನೋ ಗೀಚಿಕೊಂಡರು, "ಹೂಂ, ಮುಂದಿನವರು," ಅಂದರು. ಇಷ್ಟಕ್ಕೆ ಇಷ್ಟು ದಿನ ಹೆದರಿದ್ದೆ.

ಏಪ್ರಿಲ್ ೪

ಪಾಸ್.

ಅಕ್ಕ ಕುಣಿದಳು. ಕೆಮ್ಮು ಬಂತು. ಕೆಮ್ಮುತ್ತಲೇ ಕುಣಿದಳು. ಇಸ್ತ್ರಿ ಮಾಮ ಎಲ್ಲರಿಗೂ ಟೀ ಕೊಡಿಸಿ, "ಡಾಕ್ಟರಮ್ಮ ಪಾಸು," ಅಂತ ಬೀದಿಯವರಿಗೆಲ್ಲ ಸಾರಿದರು. ಈ ಸಲ ತಿದ್ದಲಿಲ್ಲ.

ಜೂನ್ ೧, ಭಾನುವಾರ

ನಾಳೆ ಬೆಳಿಗ್ಗೆ ಬಸ್ಸು. ಕೊನೆಯ ಸಲ ಮಡಚೋಣ ಅಂದೆ. ಲಾಂಡ್ರಿ ರಜೆ, ಮನೆಯ ಹಾಸಿಗೆಯ ಬಟ್ಟೆಯನ್ನೇ ತೆಗೆದುಕೊಂಡೆವು. ಅಕ್ಕ ಆ ತುದಿ, ನಾನು ಈ ತುದಿ. ಕೋಣೆ ಚಿಕ್ಕದು. ಎರಡು ಹೆಜ್ಜೆಗೆ ನಡು ಬಂತು. ತುದಿ ಕೊಡುವಾಗ ಅವಳ ಕೈ ಬಿಡಲಿಲ್ಲ. ನಾನೂ ಬಿಡಲಿಲ್ಲ. ಹಾಗೇ ನಿಂತೆವು, ಎಷ್ಟು ಹೊತ್ತೋ. ಕಿಟಕಿಯಿಂದ ಬಿಸಿಲು ಬಿದ್ದು ನಡುವಿನ ಬಟ್ಟೆ ಬೆಳ್ಳಗೆ ಹೊಳೆಯುತ್ತಿತ್ತು. "ಮೆಟಾಫೇಸ್," ಅಂದಳು ಅಕ್ಕ. ನಕ್ಕೆವು, ಅತ್ತೆವು, ಯಾವುದು ಯಾವಾಗ ಅಂತ ಗೊತ್ತಾಗಲಿಲ್ಲ.

ಮೇಜು ಅವಳಿಗೇ ಉಳಿಯಿತು. ಮ್ಯಾನೇಜರು ಎದುರಿಗೆ ನಿಂತು ನೋಡಿ ಒಪ್ಪಿದರಂತೆ.

ಬ್ಯಾಗಿನಲ್ಲಿ ಕೊನೆಗೆ ಒಂದು ಪೊಟ್ಟಣ ತುರುಕಿದಳು. "ಅಲ್ಲಿ ಚಳಿಯಂತೆ." ಬಿಚ್ಚಿದರೆ ಕಾಲುಚೀಲ. ಒಂದು ಕಂದು, ಒಂದು ನೀಲಿ. ಒಂಟಿ ಡಬ್ಬಿಯಿಂದ ಆರಿಸಿ, ಒಗೆದು, ಎರಡನ್ನೂ ಸೇರಿಸಿ ದಾರದ ಹೊಲಿಗೆ ಹಾಕಿದ್ದಾಳೆ!

ಜೂನ್ ೩, ಮಂಗಳವಾರ, ಬೆಳಿಗ್ಗೆ

ಅಲಾರಂಗೆ ಮುಂಚೆ ಎಚ್ಚರ. ಹಾಸ್ಟೆಲು. ನಾಲ್ಕು ಮಂಚ, ಎತ್ತರದ ಕಿಟಕಿ, ಮಂಜು. ಎಲ್ಲಿದ್ದೇನೆ ಅಂತ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಇಂಟರ್‌ಫೇಸ್ ಅಂದುಕೊಂಡು ಬಿದ್ದುಕೊಂಡಿದ್ದೆ. ಕಾಲು ಬೆಚ್ಚಗಿತ್ತು. ಒಂದು ಕಂದು, ಒಂದು ನೀಲಿ.

ಎದ್ದು ಹೊದಿಕೆ ಮಡಚಲು ನಿಂತೆ. ಮೊಳೆ ಹುಡುಕಿದೆ, ಇರಲಿಲ್ಲ. ಎರಡು ತುದಿ ಹಿಡಿದು ಝಾಡಿಸಿ, ಅಭ್ಯಾಸಬಲ, ಎದುರಿಗೆ ಚಾಚಿದೆ. ಎದುರಿಗೆ ಯಾರಿದ್ದಾರೆ?

ಪಕ್ಕದ ಮಂಚದ ಹುಡುಗಿ, ನಿನ್ನೆ ರಾತ್ರಿ ಇಡೀ ಮುಸುಕಿನೊಳಗೆ ಅಳುತ್ತಿದ್ದವಳು, ಎದ್ದು ಬಂದಳು. ಆ ಕಡೆಯ ತುದಿ ಹಿಡಿದಳು. ಮುಷ್ಟಿಯಲ್ಲಿ ಮುದ್ದೆ ಮಾಡಿ ಹಿಡಿದಳು.

"ಹಾಗಲ್ಲ ಕಣೇ, ಹೆಬ್ಬೆರಳು ಒಳಗೆ."

ಹೇಳಿದ್ದು ನಾನೇ. ದನಿ ಅಕ್ಕನದು. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ಬೈಗುಳ. ಹುಡುಗಿ ಹೆಬ್ಬೆರಳು ಒಳಗಿಟ್ಟುಕೊಂಡಳು, ಮೂಗು ಒರೆಸಿಕೊಂಡಳು, ಈಗೇನು ಅನ್ನುವ ಹಾಗೆ ನೋಡಿದಳು.

"ಈಗ ನಡುವಿಗೆ ಬಾ," ಅಂದೆ.

ಬಂದಳು. ನಾನೂ ಹೆಜ್ಜೆ ಮುಂದಿಟ್ಟೆ, ತುದಿ ಕೊಡಲು ಕೈ ಚಾಚಿ...

ಇಷ್ಟು ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಮೊದಲ ಕ್ಲಾಸು. ಉಳಿದದ್ದು ಸಂಜೆ ಅಕ್ಕನಿಗೆ ಫೋನಿನಲ್ಲಿ ಹೇಳಿ, ಆಮೇಲೆ ಇಲ್ಲಿ —